ಬಿದ್ದದ್ದು ಬಚ್ಚಲಲ್ಲಿ, ಕಾರಣ ಬೇರೆಲ್ಲೋ

ವಯಸ್ಸಾದವರು ಮನೆಯಲ್ಲಿ ಬಿದ್ದು ಆಸ್ಪತ್ರೆ ಸೇರಿದರೆ ಬಂದವರಿಗೆಲ್ಲ ಹೇಳುವ ಮಾತು ಒಂದೇ: ‘ಬಚ್ಚಲಲ್ಲಿ ಜಾರಿ ಬಿದ್ದರು.’ ಆಮೇಲೆ ಟೈಲ್ಸ್‌ಗೆ ಬೈಗುಳ. ವಾರದೊಳಗೆ ಬಚ್ಚಲಿಗೆ ರಬ್ಬರ್ ಮ್ಯಾಟ್ ಬರುತ್ತದೆ, ಗೋಡೆಗೆ ಸ್ಟೀಲ್ ಹಿಡಿಕೆ ಬರುತ್ತದೆ. ಎರಡೂ ಒಳ್ಳೆಯದೇ. ಆದರೆ ಅದೇ ಟೈಲ್ಸ್ ಮೇಲೆ ಹತ್ತು ವರ್ಷ ದಿನಾ ಓಡಾಡಿದವರು ಅವತ್ತೇ ಯಾಕೆ ಬಿದ್ದರು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕು. ಬೀಳುವುದು ಒಂದು ಕ್ಷಣದ ಕೆಲಸ. ಅದಕ್ಕೆ ತಯಾರಿ ಮಾತ್ರ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ನಡೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಜನ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಎಲ್ಲರಿಗೂ ಮೂಳೆ ಮುರಿಯುವುದಿಲ್ಲ, ನಿಜ. ಆದರೆ ಸೊಂಟದ ಬಳಿ ತೊಡೆಮೂಳೆ ಮುರಿದರೆ ಮುಂದಿನ ದಾರಿ ಕಷ್ಟದ್ದು. ಹೀಗೆ ಮುರಿದುಕೊಂಡ ವಯಸ್ಸಾದವರಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ ಅನ್ನುವುದು ಹಲವು ದೇಶಗಳ ಅನುಭವ. ಉಳಿದವರಲ್ಲೂ ಅನೇಕರು ಮೊದಲಿನ ಹಾಗೆ ಓಡಾಡುವುದಿಲ್ಲ.

ಕರ್ನಾಟಕಕ್ಕೆ ಇದು ಇನ್ನು ಮೂಲೆಯ ಪ್ರಶ್ನೆಯಲ್ಲ. 2011ರ ಜನಗಣತಿಯ ಹೊತ್ತಿಗೆ ರಾಜ್ಯದಲ್ಲಿ 60 ದಾಟಿದವರು ನೂರಕ್ಕೆ 9.5ರಷ್ಟಿದ್ದರು. 2031ಕ್ಕೆ ನೂರಕ್ಕೆ 15 ಆಗಬಹುದು ಎಂದು ಕೇಂದ್ರದ ಜನಸಂಖ್ಯಾ ಅಂದಾಜು ಹೇಳುತ್ತದೆ. ಇತ್ತ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 1.7ಕ್ಕೆ ಇಳಿದಿದೆ. ಅಂದರೆ ನೋಡಿಕೊಳ್ಳಬೇಕಾದವರು ಜಾಸ್ತಿ, ನೋಡಿಕೊಳ್ಳುವವರು ಕಮ್ಮಿ. ಆ ಕಮ್ಮಿ ಜನರಲ್ಲೂ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲೋ ದುಬೈನಲ್ಲೋ.

ಈಗ ಆ ಬಿದ್ದ ರಾತ್ರಿಯನ್ನು ಹಿಂದಕ್ಕೆ ತಿರುಗಿಸಿ ನೋಡೋಣ. ತುಮಕೂರು ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. 76ರ ಅಜ್ಜಿ. ಬಿ.ಪಿ.ಗೆ ಎರಡು ಮಾತ್ರೆ, ಅದರಲ್ಲಿ ಒಂದು ಮೂತ್ರ ಜಾಸ್ತಿ ಹೋಗಿಸುವಂಥದ್ದು. ಶುಗರ್‌ಗೆ ಒಂದು. ನಿದ್ದೆ ಬರುವುದಿಲ್ಲ ಅಂತ ಯಾವತ್ತೋ ಬರೆಸಿಕೊಂಡ ಒಂದು ಸಣ್ಣ ಮಾತ್ರೆ, ಅದು ನಿಂತೇ ಇಲ್ಲ. ಬೆಳಗ್ಗೆ ಮಾತ್ರೆ ಮರೆತುಹೋಗಿ ಸಂಜೆ ತಗೊಂಡರು. ರಾತ್ರಿ ಮೂರು ಗಂಟೆಗೆ ಮೂತ್ರಕ್ಕೆ ಅವಸರ. ನಿದ್ದೆ ಮಾತ್ರೆಯ ಮಂಪರು ಇನ್ನೂ ಇಳಿದಿಲ್ಲ. ಧಡಕ್ಕನೆ ಎದ್ದರು. ಎದ್ದ ಕೂಡಲೇ ಬಿ.ಪಿ. ಇಳಿಯಿತು, ಕಣ್ಣು ಕತ್ತಲೆ ಬಂತು. ಲೈಟಿನ ಸ್ವಿಚ್ ಇರುವುದು ಬಾಗಿಲ ಹತ್ತಿರ, ಮಂಚದಿಂದ ಎಂಟು ಹೆಜ್ಜೆ. ಸವೆದ ಹವಾಯಿ ಚಪ್ಪಲಿ. ಬಚ್ಚಲ ಹೊಸ್ತಿಲು. ಬಿದ್ದರು.

ಟೈಲ್ಸ್‌ನ ತಪ್ಪು ಇದರಲ್ಲಿ ಎಷ್ಟು?

ಎದ್ದು ನಿಂತಾಗ ಬಿ.ಪಿ. ಇಳಿಯುವುದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಬಿ.ಪಿ. ಮಷೀನು ಈಗ ಬಹಳ ಮನೆಗಳಲ್ಲಿದೆ. ಆದರೆ ಎಲ್ಲರೂ ಕೂತು ನೋಡಿಕೊಳ್ಳುತ್ತಾರೆ, ನಂಬರ್ ಚೀಟಿಯಲ್ಲಿ ಬರೆದು ಸುಮ್ಮನಾಗುತ್ತಾರೆ. ಐದು ನಿಮಿಷ ಮಲಗಿದ ಮೇಲೆ ಒಂದು ಸಲ ನೋಡಿ. ಆಮೇಲೆ ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷ ಆದಾಗ ಒಮ್ಮೆ, ಮೂರು ನಿಮಿಷ ಆದಾಗ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡು ನಿಂತಿರಬೇಕು. ಮೇಲಿನ ನಂಬರ್ 20ರಷ್ಟೋ, ಕೆಳಗಿನದು 10ರಷ್ಟೋ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಕೂತಾಗ 130/80 ಅಂತ ಚೆಂದವಾಗಿ ಬರುವವರಲ್ಲೂ ನಿಂತಾಗ ಈ ಇಳಿತ ಇರಬಹುದು. ಇದಕ್ಕೆ ಖರ್ಚು ಏನೂ ಇಲ್ಲ, ಆದರೂ ಮಾಡುವವರು ತೀರಾ ಕಡಿಮೆ.

ಮಾತ್ರೆಗಳದ್ದೇ ಒಂದು ದೊಡ್ಡ ಕತೆ. ಹೃದಯದ ಡಾಕ್ಟರು ಬೇರೆ, ಶುಗರ್ ಡಾಕ್ಟರು ಬೇರೆ, ಮಂಡಿನೋವಿನ ಡಾಕ್ಟರು ಇನ್ನೊಬ್ಬರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವುದು ರೋಗಿಯ ಕಡೆಯವರು ಚೀಟಿ ಒಯ್ದರೆ ಮಾತ್ರ. ಒಂದೇ ಔಷಧಿ ಎರಡು ಕಂಪನಿ ಹೆಸರಿನಲ್ಲಿ ಡಬ್ಬಿಯಲ್ಲಿ ಕೂತಿರುವುದು ಅಪರೂಪವೇನಲ್ಲ. ಅದರ ಜೊತೆಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ, ಅದು ಕಿಡ್ನಿಗೂ ಬಿ.ಪಿ.ಗೂ ಕೆಟ್ಟದ್ದು. ನೆಗಡಿಗೆ ತಗೊಳ್ಳುವ ಹಳೇ ಮಾದರಿಯ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಹುಡುಗರಿಗೆ ಅದು ಬರೀ ತೂಕಡಿಕೆ. 80ರ ತಾತನಿಗೆ ಗೊಂದಲ, ಮೂತ್ರ ಕಟ್ಟುವುದು, ತಲೆ ತಿರುಗುವುದು ಎಲ್ಲ ಆಗಬಹುದು. ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳೂ ಹಾಗೇ. ವರ್ಷಗಟ್ಟಲೆ ತಗೊಂಡವರು ಒಂದೇ ದಿನ ನಿಲ್ಲಿಸುವುದೂ ಅಪಾಯ, ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಶುಗರ್ ಮಾತ್ರೆಯಲ್ಲಿ ನಮ್ಮ ಮನೆಗಳಿಗೇ ಹೇಳಿ ಮಾಡಿಸಿದಂಥ ಒಂದು ಅಪಾಯವಿದೆ: ಉಪವಾಸ. ಏಕಾದಶಿ ದಿನ, ಶ್ರಾವಣ ಸೋಮವಾರ, ರಂಜಾನ್ ತಿಂಗಳು. ಊಟ ಬಿಡುತ್ತಾರೆ, ‘ಮಾತ್ರೆ ತಪ್ಪಿಸಬಾರದು’ ಅಂತ ಮಾತ್ರೆ ನುಂಗುತ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆಗೆ ಊಟ ಬಿಟ್ಟದ್ದು ಗೊತ್ತಾಗುವುದಿಲ್ಲ, ಅದು ತನ್ನ ಪಾಡಿಗೆ ಶುಗರ್ ಇಳಿಸುತ್ತಲೇ ಇರುತ್ತದೆ. ಮೈ ಬೆವರಿ, ನಡುಗಿ, ಮಾತು ತಡವರಿಸಿ ಬೀಳುತ್ತಾರೆ. ತೀರಾ ವಯಸ್ಸಾದ, ಬೇರೆ ಕಾಯಿಲೆಗಳೂ ಇರುವವರಿಗೆ ಶುಗರ್ ಜಾಸ್ತಿ ಆಗುವುದಕ್ಕಿಂತ ಹೀಗೆ ಏಕಾಏಕಿ ಇಳಿಯುವುದೇ ಹೆಚ್ಚು ಅಪಾಯ. ಅದಕ್ಕೇ ಅಂಥವರಿಗೆ ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟು 8ರ ಆಸುಪಾಸು ಇದ್ದರೂ ಈಗಿನ ವೈದ್ಯರು ಒಪ್ಪುತ್ತಾರೆ. ಮಕ್ಕಳು ಮಾತ್ರ ‘6.5ಕ್ಕೆ ತನ್ನಿ ಡಾಕ್ಟ್ರೇ’ ಅಂತ ಹಠ ಹಿಡಿಯುತ್ತಾರೆ.

ಇನ್ನು ಸೋಡಿಯಂ. ‘ಸೋಡಿಯಂ ಕಮ್ಮಿ ಆಗಿ ಅಡ್ಮಿಟ್ ಮಾಡಿದ್ದೆವು’ ಅನ್ನುವ ಮಾತು ಕೇಳದ ಬೀದಿಯೇ ಈಗಿಲ್ಲ. ಬಿ.ಪಿ. ಇದೆ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದರು. ಮನೆಯವರು ಭಕ್ತಿಯಿಂದ ಪೂರಾ ಸಪ್ಪೆ ಅಡುಗೆ ಶುರು ಮಾಡಿದರು. ಸಪ್ಪೆ ಅಂತ ಅಜ್ಜಿ ತಿನ್ನುವುದೂ ಅರ್ಧಕ್ಕೆ ಇಳಿಯಿತು. ಮೇಲೆ ಮೂತ್ರ ಹೋಗಿಸುವ ಮಾತ್ರೆ. ಬೇಸಿಗೆ ಅಂತ ಬರೀ ನೀರು ಚೊಂಬುಗಟ್ಟಲೆ. ರಕ್ತದಲ್ಲಿ 135ರಿಂದ 145ರ ನಡುವೆ ಇರಬೇಕಾದ ಸೋಡಿಯಂ 120ಕ್ಕೆ ಬಂದಾಗ ಅಜ್ಜಿ ಮಗನನ್ನೇ ‘ಯಾರಪ್ಪಾ ನೀನು’ ಅಂದರು.

ಇಲ್ಲಿ ಮನೆಯವರು ಮಾಡುವ ತಪ್ಪು ದೊಡ್ಡದು. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ವಯಸ್ಸಾದವರು ಏನಾದರೂ ತೊದಲಿದರೆ ಅದು ಸಹಜ ಅಂದುಕೊಂಡು ಬಿಡುತ್ತೇವೆ. ಆದರೆ ಮರೆವಿನ ಕಾಯಿಲೆ ವರ್ಷಗಳಲ್ಲಿ ಬೆಳೆಯುವಂಥದ್ದು. ಸೋಮವಾರ ಸರಿಯಾಗಿದ್ದವರು ಬುಧವಾರ ಗೊಂದಲ ಪಡುತ್ತಿದ್ದರೆ ಅದು ಅರಳು ಮರಳಲ್ಲ, ತುರ್ತು ಕಾಯಿಲೆ. ಸೋಡಿಯಂ ಇರಬಹುದು, ಮೂತ್ರದ ಸೋಂಕು ಇರಬಹುದು, ನ್ಯೂಮೋನಿಯಾ ಇರಬಹುದು. ಮಲಬದ್ಧತೆಯೂ ಇರಬಹುದು, ಹೊಸ ಮಾತ್ರೆಯೂ ಇರಬಹುದು. ಜ್ವರ ಇಲ್ಲದಿದ್ದರೂ ಸೋಂಕು ಇರಬಹುದು. ಇವಕ್ಕೆಲ್ಲ ಔಷಧಿ ಇದೆ. ಅದೇ ಒಂದು ಕಡೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ನಿಂತರೆ ಒಂದು ನಿಮಿಷವೂ ಕಾಯಬಾರದು. ಅದು ಲಕ್ವ ಇರಬಹುದು. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ‘ಬೆಳಗ್ಗೆ ನೋಡೋಣ’ ಅಂದರೆ ಆ ಹೊತ್ತು ಮುಗಿದೇ ಹೋಗುತ್ತದೆ.

ನಿಜವಾದ ಮರೆವಿನ ಕಾಯಿಲೆ ಇಲ್ಲ ಅಂತಲ್ಲ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವಿಶೇಷ ಕ್ಲಿನಿಕ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಳಿಂದ ಗಮನಿಸುತ್ತಿದ್ದಾರೆ. ಅದೇ ಬೇರೆ ಲೇಖನಕ್ಕೆ ಆಗುವಷ್ಟು ವಿಷಯ.

ನನ್ನ ಮಟ್ಟಿಗೆ ಹೇಳುವುದಾದರೆ, ಮನೆಯಲ್ಲಿ ವಯಸ್ಸಾದವರಿಗೆ ಬರುವ ದೊಡ್ಡ ಅಪಾಯ ನಮ್ಮ ಪ್ರೀತಿಯಿಂದಲೇ ಬರುತ್ತದೆ. ‘ನೀವು ಕೂತ್ಕೊಳ್ಳಿ ಅತ್ತೆ, ನಾನು ತರ್ತೀನಿ.’ ‘ಅಪ್ಪಾ, ಆಚೆ ಹೋಗ್ಬೇಡಿ, ಗಾಡಿ ಜಾಸ್ತಿ.’ ‘ಮೆಟ್ಟಿಲು ಹತ್ತಬೇಡಿ.’ ಒಂದೊಂದೂ ಕಾಳಜಿಯ ಮಾತೇ. ಎಲ್ಲ ಸೇರಿದರೆ ಆರು ತಿಂಗಳಲ್ಲಿ ತೊಡೆಯ ಕಸುವು ಹೋಗಿರುತ್ತದೆ. ಕಸುವು ಹೋದವರು ಎಡವಿದಾಗ ಸಾವರಿಸಿಕೊಳ್ಳಲಾರರು. ಬಿದ್ದುಬಿಟ್ಟಾರು ಅಂತ ಕೂರಿಸಿದ್ದಕ್ಕೇ ಬೀಳುತ್ತಾರೆ.

ಕಸುವು ಎಷ್ಟಿದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಸಂಭವ ಇದೆ ಅಂತ ಲೆಕ್ಕ. ಅಂಥವರಿಗೆ ಬೇಕಾದ್ದು ವಿಶ್ರಾಂತಿಗಿಂತ ಹೆಚ್ಚಾಗಿ ವ್ಯಾಯಾಮ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಹಿಡಿದುಕೊಂಡೇ ಒಂದು ಕಾಲಿನ ಮೇಲೆ ನಿಲ್ಲುವುದು. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಂಡರೆ ಸಾಕು. ಹೂವು ಕೀಳಲು ಹಿತ್ತಲಿಗೆ ಹೋಗುವುದು, ಹಾಲು ತರಲು ಹೋಗುವುದು, ಸಂಜೆ ದೇವಸ್ಥಾನದ ಕಟ್ಟೆಗೆ ಹೋಗುವುದು, ಇವೆಲ್ಲ ಔಷಧಿಗೆ ಸಮ. ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ. ಊರುಗೋಲು ಹಿಡಿಯಲು ನಾಚಿಕೆ ಪಡುವವರು ಬಹಳ, ಅದಕ್ಕೆ ಮಾತ್ರ ಸ್ವಲ್ಪ ಜಗಳ ಆಡಬೇಕಾಗುತ್ತದೆ.

ಊಟದ ವಿಷಯದಲ್ಲೂ ಅದೇ. ‘ವಯಸ್ಸಾಯ್ತು, ಗಂಜಿ ಸಾಕು’ ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆದರೆ ವಯಸ್ಸಾದಂತೆ ಪ್ರೋಟೀನ್ ಜಾಸ್ತಿ ಬೇಕು, ಕಮ್ಮಿ ಅಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಮಿನಿಂದ 1.2 ಗ್ರಾಂ ಅಂತ ತಜ್ಞರ ಸಲಹೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಬೇಕು. 50 ಕಿಲೋ ತೂಗುವ ಅಜ್ಜಿಗೆ 50 ಗ್ರಾಂ ಆದರೂ ಬೇಕು. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಒಂದು ಲೋಟ ಮಜ್ಜಿಗೆ. ಕೂಡಿಸಿ ನೋಡಿ, ಅರ್ಧವೂ ಆಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಾರಿನ ತಿಳಿ ಬಿಟ್ಟು ಕೆಳಗಿನ ಬೇಳೆ ಬಡಿಸಿದರೂ ಲಾಭವೇ. ಹಲ್ಲಿಲ್ಲದವರಿಗೆ ಹೆಸರುಬೇಳೆ ಪಾಯಸ, ಮೆತ್ತಗೆ ಬೇಯಿಸಿದ ಹುರುಳಿ, ಗಟ್ಟಿ ಮೊಸರು. ಹಲ್ಲಿನ ಸೆಟ್ ಸಡಿಲವಾಗಿ ನೋಯುತ್ತದೆ ಅಂತಲೇ ಎಷ್ಟೋ ಜನ ಊಟ ಬಿಟ್ಟಿರುತ್ತಾರೆ, ಹೇಳುವುದಿಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ. ಅದರಿಂದ ಪಾದ ಜೋಮು ಹಿಡಿದು ನೆಲ ಸರಿಯಾಗಿ ತಿಳಿಯುವುದಿಲ್ಲ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಬಚ್ಚಲಿಗೇ ಬರೋಣ, ಅದೂ ಮುಖ್ಯವೇ. ಹಿಡಿಕೆ ಹಾಕಿಸುವಾಗ ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು, ಗೋಡೆಗೆ ಬೋಲ್ಟ್ ಮಾಡಿ ಹಾಕಿಸಿ. ಗಾಳಿ ಒತ್ತಿ ಅಂಟಿಸುವ ಪ್ಲಾಸ್ಟಿಕ್ ಹಿಡಿಕೆ ಮೈಭಾರ ಬಿದ್ದ ದಿನವೇ ಕೈಕೊಡುತ್ತದೆ. ಕೂತು ಸ್ನಾನ ಮಾಡಲು ರಬ್ಬರ್ ಬುಶ್ ಇರುವ ಸ್ಟೂಲ್, ಕೈಗೆ ಸಿಗುವ ಎತ್ತರದಲ್ಲಿ ಬಕೆಟ್. ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಅಂಗಳದ ಪಾಚಿ ಬಚ್ಚಲಿಗಿಂತ ಕೆಟ್ಟದ್ದು, ಹೂವಿಗೆ ಹೋಗುವ ದಾರಿಯಷ್ಟನ್ನಾದರೂ ಉಜ್ಜಿಸಬೇಕು.

ಯಾರೂ ಯೋಚಿಸದ ವಸ್ತು ಬಚ್ಚಲ ಬಾಗಿಲು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಅದು ಒಳಕ್ಕೆ ತೆರೆಯುತ್ತದೆ, ಒಳಗೆ ಚಿಲಕ. ಒಳಗಿದ್ದವರು ಬಿದ್ದು ಬಾಗಿಲಿಗೆ ಅಡ್ಡವಾಗಿ ಮಲಗಿದ್ದರೆ ಹೊರಗಿನವರು ತಳ್ಳಲೂ ಆಗದು, ಒಡೆಯಲೂ ಆಗದು. ಗಂಟೆಗಟ್ಟಲೆ ತಣ್ಣನೆ ನೆಲದ ಮೇಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಸ್ನಾಯು ನಜ್ಜಾಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ಅದಾಗದಿದ್ದರೆ ಒಳಗಿನ ಚಿಲಕ ತೆಗೆಸಿ, ಹೊರಗಿನಿಂದಲೂ ತೆರೆಯಬಹುದಾದ ಲಾಕ್ ಹಾಕಿಸಿ. ಹಾಲ್‌ನಲ್ಲಿ ಸಿಸಿಟಿವಿ ಹಾಕಿಸಿ ಅಮೆರಿಕದಿಂದ ನೋಡುವ ಮಕ್ಕಳಿದ್ದಾರೆ. ಅವರಿಗೆ ಬಚ್ಚಲು ಕಾಣುವುದಿಲ್ಲ, ಕಾಣಲೂ ಬಾರದು. ಕೊರಳಿಗೆ ಹಾಕಿಕೊಳ್ಳುವ ಸಣ್ಣ ಫೋನು ಅದಕ್ಕಿಂತ ಎಷ್ಟೋ ಮೇಲು.

ಬಿದ್ದ ಮೇಲಿನ ಒಂದು ಮಾತು. ನಿಲ್ಲಲಾಗದೆ, ಪಾದ ಹೊರಕ್ಕೆ ತಿರುಗಿ, ಕಾಲು ಗಿಡ್ಡವಾದಂತೆ ಕಂಡರೆ ಎಳೆದಾಡಬೇಡಿ, 108ಕ್ಕೆ ಫೋನ್ ಮಾಡಿ. ‘ಈ ವಯಸ್ಸಿಗೆ ಆಪರೇಷನ್ ಯಾಕೆ, ನಾಟಿ ಕಟ್ಟು ಕಟ್ಟಿಸೋಣ’ ಅನ್ನುವವರು ಬಂದೇ ಬರುತ್ತಾರೆ. ಸೊಂಟದ ಬಳಿಯ ಈ ಮುರಿತ ಕಟ್ಟಿನಿಂದ ಕೂಡುವುದು ಬಹಳ ಕಷ್ಟ. ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನಿನ ಹುಣ್ಣು, ಕಫ ಕಟ್ಟುವುದು ಜೀವ ತೆಗೆಯುತ್ತವೆ. ಹೆಚ್ಚಿನವರಿಗೆ ಎರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಆಪರೇಷನ್ ಮಾಡುವುದೇ ಅವರನ್ನು ಬೇಗ ಎಬ್ಬಿಸಿ ನಡೆಸಲು.

ಇದನ್ನೆಲ್ಲ ಮಾಡುವವರು ಯಾರು? ಬಹಳ ಮನೆಗಳಲ್ಲಿ ಉತ್ತರ ಒಬ್ಬಳೇ: ಸೊಸೆ, ಇಲ್ಲವೇ ಮದುವೆಯಾಗದ ಮಗಳು, ಇಲ್ಲವೇ ತಾನೂ 70 ದಾಟಿದ ಹೆಂಡತಿ. ಗಂಡುಮಕ್ಕಳು ದುಡ್ಡು ಕೊಡುತ್ತಾರೆ, ಸಲಹೆಯನ್ನಂತೂ ಧಾರಾಳವಾಗಿ ಕೊಡುತ್ತಾರೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನೆಟ್ಟಗೆ ಕೂರಿಸಿ ಉಣ್ಣಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ವಾರದಲ್ಲಿ ಒಂದು ದಿನ ಪೂರ್ತಿ ಬೇರೆಯವರು ವಹಿಸಿಕೊಳ್ಳದಿದ್ದರೆ ನೋಡಿಕೊಳ್ಳುವವಳೇ ಹಾಸಿಗೆ ಹಿಡಿಯುತ್ತಾಳೆ.

ದುಡ್ಡಿದ್ದವರು ಹೋಂ ನರ್ಸ್ ಇಡುತ್ತಾರೆ. ಹೆಸರು ನರ್ಸ್ ಆದರೂ ನರ್ಸಿಂಗ್ ಓದಿದವರು ಅವರಲ್ಲಿ ಕಡಿಮೆ. ಕೆಲವು ದಿನದ ತರಬೇತಿ, ಕೆಲವರಿಗೆ ಅದೂ ಇಲ್ಲ. ಏಜೆನ್ಸಿ ಮನೆಯವರಿಂದ ತಗೊಳ್ಳುವುದು ಒಂದು, ಹುಡುಗಿಯ ಕೈಗೆ ಕೊಡುವುದು ಇನ್ನೊಂದು. ಬೆಂಗಳೂರಿನಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ಈ ಕೆಲಸದಲ್ಲಿದ್ದಾರೆ. ಒಳ್ಳೆಯ ಮನಸ್ಸಿನವರು ಇರುತ್ತಾರೆ, ಆದರೆ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ಅವರಿಗೆ ಕನ್ನಡ ಬಾರದು. ‘ಎದೆ ಒಂಥರಾ ಆಗ್ತಿದೆ’ ಅಂತ ಅಜ್ಜಿ ಹೇಳಿದ್ದು ಅಲ್ಲೇ ಉಳಿಯುತ್ತದೆ. ಇಡುವವರು ಗುರುತಿನ ಚೀಟಿ ನೋಡಿ ಪೊಲೀಸ್ ಪರಿಶೀಲನೆ ಮಾಡಿಸಲಿ. ಹಾಗೆಯೇ ಆ ಹುಡುಗಿಗೆ ನಿದ್ದೆ, ರಜೆ, ಹೊಟ್ಟೆ ತುಂಬ ಊಟ ಸಿಗುತ್ತಿದೆಯಾ ಅಂತಲೂ ನೋಡಲಿ. 24 ಗಂಟೆ ಎಚ್ಚರ ಇರುವವರು ಯಾರೂ ಇಲ್ಲ.

ರಾಜ್ಯ ಸರ್ಕಾರದ ವೃದ್ಧರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಸಿಗುವುದು 1,200 ರೂಪಾಯಿ. ಹೋಂ ನರ್ಸ್ ಮಾತು ಬಿಡಿ, ಅದರಲ್ಲಿ ಒಂದು ತಿಂಗಳ ಡಯಾಪರ್ ಕೂಡ ಬರುವುದಿಲ್ಲ.

ಕಾನೂನು ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿ ಎದುರು ದೂರು ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇನೆ ಅಂತ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಸೆಕ್ಷನ್ ಪ್ರಕಾರ ದಾನಪತ್ರ ರದ್ದು ಮಾಡಿಸಬಹುದು. ಆದರೆ ಆ ಷರತ್ತು ಇತ್ತು ಅಂತ ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಕಡೆಗೆ ಸ್ವಲ್ಪ ಉದಾರವಾಗಿಯೇ ನೋಡಿತು. ಹಾಗಿದ್ದರೂ ದಾನಪತ್ರ ಮಾಡುವವರು ‘ಸಾಯುವತನಕ ಊಟ, ವಸತಿ, ಔಷಧಿ ನೋಡಿಕೊಳ್ಳತಕ್ಕದ್ದು’ ಅಂತ ಒಂದು ಸಾಲು ಬರೆಸಿಯೇ ಸಹಿ ಹಾಕುವುದು ಕ್ಷೇಮ. ಸಲಹೆಗೆ, ದೂರಿಗೆ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಿನಲ್ಲಿ 1090 ಕೂಡ. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ದುಡ್ಡು ಕೀಳುವವರು ಒಂಟಿಯಾಗಿರುವ ಹಿರಿಯರನ್ನೂ ಹುಡುಕುತ್ತಾರೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮಕ್ಕಳು ಬೈತಾರೆ ಅಂತ ಮುಚ್ಚಿಟ್ಟರೆ ದುಡ್ಡು ವಾಪಸ್ ಸಿಗುವ ಆಸೆಯೂ ಹೋಗುತ್ತದೆ.

ಸರ್ಕಾರ ಮನೆ ಬಾಗಿಲಿಗೆ ಬಂದೇ ಇಲ್ಲ ಅನ್ನುವಂತಿಲ್ಲ. ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಯಿತು. ಮನೆಗೆ ಬಂದು ಬಿ.ಪಿ., ಶುಗರ್ ನೋಡುವುದು, ಮಾತ್ರೆ ಕೊಡುವುದು ಅದರ ಕೆಲಸ. ಒಳ್ಳೆಯ ಆರಂಭ. ಆದರೆ ವಯಸ್ಸಾದವರ ಮನೆಗೆ ಮಾತ್ರೆ ಕೊಡುವುದಕ್ಕಿಂತ ಮಾತ್ರೆ ಎಣಿಸುವವರು ಹೆಚ್ಚು ಬೇಕು. ಮನೆಗೆ ಬಂದವರು ಡಬ್ಬಿಯ ಮಾತ್ರೆಗಳನ್ನೆಲ್ಲ ಹೊರಗೆ ಸುರಿಸಿ ನೋಡಲಿ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಲಿ, ಬಚ್ಚಲ ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಲಿ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡುವ ಆರೈಕೆಗೆ, ನೀತಿ ಮಾಡಿ, ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಕಳಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ಕೊಟ್ಟಿದೆ. ಕಾಸರಗೋಡಿನ ಕನ್ನಡಿಗರು ಅದನ್ನು ಕಣ್ಣಾರೆ ಕಂಡಿದ್ದಾರೆ. ನಮ್ಮಲ್ಲಿ ಅಂಥ ಕೆಲಸ ಬಂದರೆ ಎಲ್ಲರ ಕಣ್ಣು ಹೋಗುವುದು ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರ ಕಡೆಗೆ. ಗೌರವಧನ ಹೆಚ್ಚಿಸಿ ಅಂತ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬೀದಿಯಲ್ಲಿ ಕೂತಿದ್ದವರೂ ಅವರೇ. ಬಸುರಿ, ಬಾಣಂತಿ, ಲಸಿಕೆ, ಸರ್ವೆ ಎಲ್ಲ ಅವರ ತಲೆಯ ಮೇಲಿದೆ. ಅದರ ಮೇಲೆ ಅಜ್ಜ ಅಜ್ಜಿಯರನ್ನೂ ಹೊರಿಸುವುದಾದರೆ ತರಬೇತಿ ಮತ್ತು ಸಂಬಳದ ಆದೇಶ ಮೊದಲು ಬರಲಿ, ಕೆಲಸದ ಪಟ್ಟಿ ಆಮೇಲೆ.